ಮೂರು ಬಗೆಯ ಬೀಳ್ಕೊಡುಗೆ

ದೆಹಲಿಯ ಓಖ್ಲಾದ ಬಟ್ಟೆ ರಫ್ತು ಕಂಪನಿಯೊಂದರಲ್ಲಿ ನಾನು ಇಂಗ್ಲಿಷ್ ಹೇಳಿಕೊಡುವವಳು. ವಿದೇಶದ ಗಿರಾಕಿಗಳ ಜೊತೆ ಮಾತಾಡುವವರಿಗೆ ನುಡಿಗಟ್ಟು ಕಲಿಸಬೇಕು. ಕೆಲಸವೇನೂ ಕಿರೀಟವಲ್ಲ. ಆದರೆ ಅದರ ಜೊತೆ ವಿಮೆ ಬರುತ್ತದೆ, ಮುನಿರ್ಕಾದ ಬಾಡಿಗೆ ಮನೆಯಲ್ಲಿರುವ ಅಮ್ಮನಿಗೆ ಡಯಾಲಿಸಿಸ್ ನಡೆಯುವುದು ಆ ವಿಮೆಯಿಂದಲೇ. ಕೆಲಸ ಹೋದರೆ ಅದೂ ಹೋಯಿತು.

ನನ್ನ ತಲೆ ತಿನ್ನುವ ವಿದ್ಯಾರ್ಥಿಯೆಂದರೆ ಎಚ್‌ಆರ್ ಮ್ಯಾನೇಜರ್ ವರುಣ್, ಹಾಸನದವನು. ಯಾರಿಗಾದರೂ ಕಷ್ಟದ ಮಾತು ಹೇಳುವುದಿದ್ದರೆ ಮೊದಲು ಚಹಾ ಹಿಡಿದು ಬಂದು ನನ್ನೆದುರು ಕೂತು, ಪಾಠ ಒಪ್ಪಿಸಿದಂತೆ ಒಪ್ಪಿಸಿ ಹೋಗುತ್ತಾನೆ. ಆರ್ಡರ್‌ಗಳು ಕಡಿಮೆಯಾದ ಮೇಲೆ, ಈ ಚಳಿಗಾಲವಿಡೀ ಅವನದು ಜನರನ್ನು ಮನೆಗೆ ಕಳಿಸುವ ಕೆಲಸ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ತಿದ್ದಿಕೊಡುತ್ತಿದ್ದೆ. ಹೋಗುವವರಿಗೆ ಕೊನೆಯ ಮಾತಾದರೂ ನೆಟ್ಟಗೆ ಸಿಗಲಿ ಎಂದು.

ಇವತ್ತು ಮಧ್ಯಾಹ್ನವೂ ಬಂದ. ಹೊಗೆಮಂಜಿಗೆ ಕಿಟಕಿಯಾಚೆ ಏನೂ ಕಾಣುತ್ತಿರಲಿಲ್ಲ. ಲೋಟ ಮೇಜಿನ ಮೇಲಿಟ್ಟು, “ವಿ ಹ್ಯಾವ್ ಡಿಸೈಡೆಡ್ ಟು ಪಾರ್ಟ್ ವೇಸ್,” ಎಂದ.

“ಅಯ್ಯೋ ರಾಮ! ಎಷ್ಟು ಸಲ ಹೇಳಲಿ ವರುಣ್? ಪಾರ್ಟ್ ವೇಸ್ ಅಂದ್ರೆ ಇಬ್ಬರೂ ಒಪ್ಪಿ ಬೇರೆಯಾಗೋದು. ಆ ಪಾಪದವರು ಎಲ್ಲಿ ಒಪ್ಪಿದಾರೆ?”

“ಹಾಗಾದ್ರೆ... ಶೋ ದ ಡೋರ್?”

“ಥೂ, ಅದು ಮರ್ಯಾದೆ ತೆಗೆದು ಹೊರಗೆ ಹಾಕೋದು. ಅವರು ಏನಾದ್ರೂ ತಪ್ಪು ಮಾಡಿದಾರಾ?”

“ಇಲ್ಲ. ಒಂದೂ ಇಲ್ಲ.”

“ಮತ್ತೆ? ಲೆಟ್ ಗೋ ಅನ್ನಿ. ಕಂಪನಿಗೆ ಇಟ್ಕೊಳ್ಳೋಕೆ ಆಗ್ತಿಲ್ಲ, ನಿಮ್ಮ ತಪ್ಪಿಲ್ಲ ಅಂತ ಅರ್ಥ. ನೆಲ ನೋಡ್ಬೇಡಿ, ಮುಖ ನೋಡಿ ಹೇಳಿ.”

ಅವನು ತಲೆಯೆತ್ತಿ ನನ್ನ ಮುಖ ನೋಡಿದ. “ವಿ ಹ್ಯಾವ್ ಟು ಲೆಟ್ ಯು ಗೋ.”

“ಹಾಂ, ಈಗ ಸರಿ ಹೋಯ್ತು. ಯಾರಿಗಪ್ಪಾ ಇದು?”

ಒಪ್ಪಿಸಿದ ಮೇಲೆ ಎದ್ದು ಹೋಗುವವನು ಇವತ್ತು ಏಳಲಿಲ್ಲ. ಚಹಾ ಕೆನೆಗಟ್ಟಿತ್ತು. ಕನ್ನಡದಲ್ಲಿ ಮೆಲ್ಲಗೆ ಅಂದ: “ನಿಮಗೇ, ಹಂಸಾ ಅವರೇ.”

ನಾನು ಅವನ ಲೋಟವನ್ನು ಅವನ ಕಡೆಗೇ ಸರಿಸಿದೆ.

“ಗುರುವಾರ ಅಮ್ಮನಿಗೆ ಡಯಾಲಿಸಿಸ್ ಇದೆ, ವರುಣ್,” ಎಂದೆ.

ಅದಕ್ಕೇನು ಹೇಳಬೇಕೆಂದು ನಾನು ಅವನಿಗೆ ಕಲಿಸಿರಲಿಲ್ಲ.