ನೊರೆ ನಿಂತ ಶನಿವಾರ

ತಮಿಳು ಸೀಮೆಯ ಪೋರೂರಿನ ನಮ್ಮ ಮನೆಯಲ್ಲಿ ಉಪ್ಪುನೀರಿನ ಮೀನುತೊಟ್ಟಿಯಿದೆ. ಅದರ ಸ್ಕಿಮ್ಮರ್ ನೀರಿನ ಕೊಳೆಯನ್ನು ನೊರೆಯ ಜೊತೆ ಮೇಲೆತ್ತಿ ಹೊರಹಾಕುತ್ತದೆ. ಶನಿವಾರ ಮಧ್ಯಾಹ್ನ ನೋಡಿದರೆ ನೊರೆಯೇ ಇಲ್ಲ. ಪಂಪ್ ಬಿಚ್ಚಿ ತೊಳೆದೆ, ಗಾಳಿಯ ಕೊಳವೆ ಊದಿ ನೋಡಿದೆ. ಎಲ್ಲ ಸರಿಯಾಗಿಯೇ ಇತ್ತು. ಸಿಟ್ಟು ನೆತ್ತಿಗೇರಿತು.

“ಸಂಹಿತಾ, ಮೀನಿಗೆ ಮತ್ತೆ ಬೇಕಾಬಿಟ್ಟಿ ತಿಂಡಿ ಸುರಿದ್ಯೇನೇ?” ಎಂದು ಮಗಳ ಮೇಲೆ ಹರಿಹಾಯ್ದೆ.

“ಇಲ್ಲಪ್ಪಾ, ರೆಂಡೇ ರೆಂಡು ಚಿಟಿಕೆ,” ಎಂದು ಎಂದಿನಂತೆ ತಮಿಳಿನಲ್ಲೇ ಹೇಳಿ ಅಳುಮುಖ ಮಾಡಿದಳು.

“ಇನ್ಮೇಲೆ ತೊಟ್ಟಿ ಹತ್ರ ಬಂದ್ರೆ ನೋಡು!”

ಕೈ ತೊಳೆಯಲು ಬಚ್ಚಲಿಗೆ ಹೋದಾಗ ಎಳ್ಳೆಣ್ಣೆಯ ಬಟ್ಟಲು ಕಣ್ಣಿಗೆ ಬಿತ್ತು. ಬೆಳಿಗ್ಗೆ ಶನಿವಾರದ ಅಭ್ಯಂಜನಕ್ಕೆಂದು ಮೈಗೆಲ್ಲ ಎಣ್ಣೆ ಹಚ್ಚಿಕೊಂಡು, ನೀರು ಕಾಯುವವರೆಗೆ ಸುಮ್ಮನಿರಲಾರದೆ, ತೊಟ್ಟಿಯೊಳಗೆ ಮೊಣಕೈವರೆಗೆ ಕೈ ಹಾಕಿ ಕಲ್ಲು ಸರಿಸಿದವನು ನಾನೇ. ಎಣ್ಣೆ ಸೇರಿದ ನೀರಿನಲ್ಲಿ ನೊರೆ ನಿಲ್ಲುವುದಿಲ್ಲ ಎನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ.

ಭಾನುವಾರ ಸಂಜೆಗೆ ನೊರೆ ತಾನಾಗಿಯೇ ಎದ್ದಿತು. ಸಂಹಿತಾ ಬಾಗಿಲಲ್ಲೇ ನಿಂತು, ನನ್ನನ್ನು ಮೆಚ್ಚಿಸಲೆಂದೋ ಏನೋ, ಕಷ್ಟಪಟ್ಟು ಕನ್ನಡದಲ್ಲಿ ಕೇಳಿದಳು: “ನಾನು ತಿಂಡಿ ಹಾಕ್ಲಿಲ್ಲ, ಅದಕ್ಕೇ ಸರಿಯಾಯ್ತಾ ಅಪ್ಪಾ?”

“ಹೂಂ,” ಎಂದೆ.