ಮುರಿಗೆಪ್ಪನ ಹೆಸರಿಗೆ ಬಂದ ಬೀಜ

"ಮುರಿಗೆಪ್ಪ ಬಸವಂತಪ್ಪ ಹೂಗಾರ? ಆ ಹೆಸರಿನವರು ಈ ಬಿಲ್ಡಿಂಗ್‌ನಲ್ಲಿ ಯಾರೂ ಇಲ್ಲ," ಎಂದು ವಾಚ್‌ಮನ್ ಹಿಂದಿಯಲ್ಲಿ ಹೇಳಿ ಪೋಸ್ಟ್‌ಮನ್ನನನ್ನು ವಾಪಸ್ ಕಳಿಸುತ್ತಿದ್ದ. ಹತ್ತು ಹೆಜ್ಜೆ ಆಚೆ ಪೈಪು ಹಿಡಿದು ಹುಲ್ಲಿಗೆ ನೀರು ಬಿಡುತ್ತಿದ್ದ ಮುರಿಗೆಪ್ಪ ತಿರುಗಿ ನೋಡಿದ. ಅದು ತನ್ನದೇ ಹೆಸರೆಂದು ಹೊಳೆಯಲು ಅವನಿಗೂ ಒಂದು ಗಳಿಗೆ ಬೇಕಾಯಿತು. ಮುಂಬಯಿಯ ಪವಾಯಿ ಬಡಾವಣೆಯ ಈ ಹತ್ತೊಂಬತ್ತು ಮಾಳಿಗೆಯ ಬಿಲ್ಡಿಂಗ್‌ನಲ್ಲಿ ಒಂಬತ್ತು ವರ್ಷದಿಂದ ಅವನು ಬರೀ ಮಾಲಿ. ಹುಡುಗರಿಗೂ ಮಾಲಿ, ಮುದುಕರಿಗೂ ಮಾಲಿ. ಹೆಸರು ಇಟ್ಟ ಅಪ್ಪ ಸತ್ತ ಮೇಲೆ ಅದನ್ನು ಪೂರ್ತಿಯಾಗಿ ಕೂಗಿದವನು ಆ ಪೋಸ್ಟ್‌ಮನ್ ಒಬ್ಬನೇ.

ಅವನ ವಾಸ ಕೆಳಗಿನ ಪಂಪ್‌ರೂಮಿನಲ್ಲಿ. ಎರಡು ಮೋಟರು, ಒಂದು ಚಾಪೆ, ಗೋಡೆ ತುಂಬ ತೇವ. ಮೋಟರು ಹೊಡೆದುಕೊಳ್ಳುವಾಗ ತನ್ನ ಕೆಮ್ಮು ತನಗೇ ಕೇಳುವುದಿಲ್ಲ. ಇಡೀ ವಾರ ಕನ್ನಡ ಮಾತಾಡಲು ಒಂದು ನರಪಿಳ್ಳೆ ಸಿಗುವುದಿಲ್ಲ. ಭಾನುವಾರ ಊರಿನಿಂದ ಹೆಂಡತಿ ಮಲ್ಲವ್ವ ಫೋನು ಮಾಡುತ್ತಾಳೆ. ಅವಳಿಗೆ ಕಿವಿ ಮಂದ. "ಉಂಡಿರೇನ್ರಿ?" ಎಂದು ಮೂರು ಸಲ ಕೇಳುತ್ತಾಳೆ, ಇವನು ಮೂರು ಸಲ "ಹೂಂ" ಎಂದು ಚೀರುತ್ತಾನೆ. ಅಲ್ಲಿಗೆ ಆ ವಾರದ ಸಂಸಾರ ಮುಗಿಯಿತು.

ಬಂದ ಕಾಗದ ಇಂಗ್ಲಿಷಿನಲ್ಲಿತ್ತು. ಮೇಲೆ ಸರಕಾರದ ಮುದ್ರೆ, ವಿಳಾಸದಲ್ಲಿ ಅವನಿಗೆ ಗುರುತು ಸಿಕ್ಕಿದ್ದು ೧೯೦೨ ಎಂಬ ಮನೆ ನಂಬರು ಒಂದೇ. ಮುರಿಗೆಪ್ಪ ಅದನ್ನು ಹಿಡಿದು ೧೯೦೨ಕ್ಕೆ ಹೋದ. ಆ ಮನೆಯ ವೈಶಾಲಿ ಮೇಡಂ ಬಿಲ್ಡಿಂಗ್ ಸೊಸೈಟಿಯ ಸೆಕ್ರೆಟರಿ. ಮನೆಯ ಮೇಲಿನ ಟೆರೇಸಿನಲ್ಲಿ ಅವರದೊಂದು ತೋಟವಿದೆ. ಮುರಿಗೆಪ್ಪ ಬೀಜ ಹಾಕಿ ಸಸಿ ಎಬ್ಬಿಸುತ್ತಾನೆ. ಮೇಡಂ ಕೈಕೆಳಗಿನ ಅನಿಕೇತ್ ಎಂಬ ಹುಡುಗ ಅದರ ಫೋಟೊ ತೆಗೆದು ಮೊಬೈಲಿನಲ್ಲಿ ಮಾರುತ್ತಾನೆ. ಮೇಡಂ ಬೆಳಗಾವಿಯವರು, ಆದರೆ ಅವನೊಂದಿಗೆ ಆಡುವುದು ಹಿಂದಿಯೇ. ಕನ್ನಡ ಹೊರಗೆ ಬಂತೆಂದರೆ ಏನೋ ಕೆಲಸವಿದೆ ಎಂದು ತಿಳಿಯಬೇಕು.

"ಅಯ್ಯ, ಇದೇನ್ ದೊಡ್ಡದಲ್ಲ ಮುರಿಗೆಪ್ಪಾ," ಎಂದರು ಮೇಡಂ, ಕನ್ನಡದಲ್ಲಿ.

ಕನ್ನಡ ಬಂತು, ಅಂದರೆ ಕೆಲಸವೂ ಬಂತು. ಸಾಲದೆಂದು ಹೆಸರು ಹಿಡಿದು ಕರೆಯುತ್ತಿದ್ದಾರೆ!

"ಥಾಯ್ಲೆಂಡಿಂದ ಅಡೇನಿಯಂ ಹೂಗಿಡದ ಬೀಜಾ ಬಂದಾವ. ಕಸ್ಟಮ್ಸ್‌ನವರು ಹಿಡದಾರ. ನನ್ನ ಹೆಸರ್ಲೆ ಒಮ್ಮೆ ತರಸಿದ್ದೆ, ತಕರಾರ್ ಮಾಡಿದ್ರು. ಅದಕ್ಕ ನಿನ್ನ ಆಧಾರ್ ಹಾಕೇನಿ."

"ನನ್ನ ಆಧಾರ ನಿಮ್ಮ ಕಡೆ ಹ್ಯಾಂಗ ಬಂತ್ರಿ ಬಾಯಾರ?"

"ಪೊಲೀಸ್ ವೆರಿಫಿಕೇಶನ್‌ಗೆ ಝೆರಾಕ್ಸ್ ಕೊಟ್ಟಿದ್ದಿಲ್ಲ? ನಾಳೆ ಈ ನೋಟಿಸ್ ಕಳಿಸಿದ ಆಫೀಸಿಗೆ ಹೋಗಿ ಒಂದ್ ಸಹಿ ಮಾಡಿ ಬಾ. ಅನಿಕೇತ್ ಎಲ್ಲಾ ಟೈಪ್ ಮಾಡಿ ಇಟ್ಟಾನ. ಬಡವರಿಗೆ ಅವರು ಏನೂ ಮಾಡಂಗಿಲ್ಲ. ನಮ್ಮ ಕಡಿಯವ ಅಂತನ ನಿನ್ನ ಇಟ್ಕೊಂಡೇನಿ, ಹೌದಿಲ್ಲೋ?"

ಹೌದೆಂದ. ಇನ್ನೇನು ಅಂದಾನು?

ಮರುದಿನ ಆಫೀಸಿನ ಬೆಂಚಿನ ಮೇಲೆ ಟೈಪು ಮಾಡಿದ ಹಾಳೆ ಹಿಡಿದು ಕೂತ. ಪರದೇಶದಿಂದ ಬಂದ ಬೀಜ, ಗಿಡಗಳನ್ನು ಪರೀಕ್ಷೆ ಮಾಡುವ ಆಫೀಸದು. ಅಕ್ಕಪಕ್ಕದಲ್ಲಿ ಫೈಲು ಹಿಡಿದ ಏಜೆಂಟರು ಫೋನಿನಲ್ಲಿ ನಗುತ್ತಿದ್ದರು. ಯಾರೂ ಅವನ ಕಡೆ ನೋಡಲಿಲ್ಲ. "ಯಪ್ಪಾ ಶಿವನ," ಎಂದು ಉಸಿರು ಬಿಟ್ಟ. ಬೀಜದ ತಟ್ಟೆ ಹೊತ್ತು ಹೋಗುತ್ತಿದ್ದ ನೌಕರನೊಬ್ಬ ಗಕ್ಕನೆ ನಿಂತ.

"ಯಾವೂರ್ರೀ ನಿಮ್ಮದು?"

"ಇಂಡಿ ಕಡೀದ್ರಿ."

"ನಂದು ಧಾರವಾಡ ಕಡೆ. ನೀಲಕಂಠಪ್ಪ ಅಂತ." ಆತ ತಟ್ಟೆಯನ್ನು ಕಿಟಕಿಯಲ್ಲಿಟ್ಟು ಪಕ್ಕದಲ್ಲಿ ಕೂತ. ಮುರಿಗೆಪ್ಪ ಟೈಪಿನ ಹಾಳೆ, ನೋಟಿಸು ಎರಡನ್ನೂ ಆತನ ಕೈಗಿಟ್ಟ. ಎಷ್ಟು ದಿನವಾಗಿತ್ತೋ ಒಬ್ಬರು ಪಕ್ಕದಲ್ಲಿ ಕೂತು.

"ಇದರಾಗ ಏನೈತಿ, ಒಂದೀಟ ಓದಿ ಹೇಳ್ರಿ," ಎಂದ.

ನೀಲಕಂಠಪ್ಪ ಓದುತ್ತ ಓದುತ್ತ ಹುಬ್ಬು ಗಂಟಿಕ್ಕಿದ.

"ಕೇಳ್ರಿ. 'ನಾನು ಮುರಿಗೆಪ್ಪ, ಫ್ಲ್ಯಾಟ್ ೧೯೦೨ರಾಗ ಇರತೇನಿ. ನನ್ನ ಮನಿ ಟೆರೇಸಿನ ತ್ವಾಟಕ್ಕ ನಾನ ಬೀಜಾ ತರಿಸೇನಿ. ಕಾಯ್ದೆ ಗೊತ್ತಿದ್ದೂ ಪರವಾನಗಿ ತಗೊಂಡಿಲ್ಲ. ಬ್ಯಾರೆ ಯಾರಿಗೂ ಇದರ ಸಂಬಂಧ ಇಲ್ಲ.' ಹಿಂಗ ಬರದಾರ ನೋಡ್ರಿ."

"ನನ್ನ ಮನಿ?"

"ಹೂಂನ್ರಿ. ಟೆರೇಸು ಸೈತ ನಿಮ್ದ."

ಮುರಿಗೆಪ್ಪನಿಗೆ ನಗು ಬಂತು. ನಗಲು ಹೋಗಿ ಕೆಮ್ಮಿದ.

"ನಗೂ ಮಾತಲ್ಲರಿ ಇದು," ಎಂದ ನೀಲಕಂಠಪ್ಪ. "ಬೀಜಾ ಒಂದ ಚಿಮಟಿ ಇದ್ರೂ ನಮ್ಮ ದೇಶದ ಪರವಾನಗಿ ಬೇಕು. ರೋಗ ಇಲ್ಲ ಅಂತ ಆ ದೇಶದ ಸರ್ಟಿಫಿಕೇಟ್ ಬೇಕು. ಈ ನೋಟಿಸಿನಾಗ ಬರದಾರ, ಹಿಂದ ಎರಡ ಸಲ ನಿಮ್ಮ ಹೆಸರಿನ ಪಾಕೀಟ ಹಿಡದು ಇಮೇಲಿನಾಗ ಎಚ್ಚರಿಕಿ ಕೊಟ್ಟಾರಂತ. ಇದು ಮೂರನೇದು. ಸಹಿ ಹಾಕಿದ್ರ ಕೇಸ್ ಆಗೂದ ಖರೆ."

"ಎಲ್ಲಾ ಬಿಟ್ಟು ಬೀಜಕ್ಕ ಇಷ್ಟೆಲ್ಲಾ ಯಾಕ್ರಿ?"

"ಬೀಜದ ಸಂಗ್ತಿ ಹುಳಾ ಬರತಾವು, ರೋಗ ಬರತಾವು. ಒಮ್ಮೆ ಹೊಲಕ್ಕ ಇಳದ್ರ ಯಾರ ತೆಗೀತಾರ?"

ಅದು ಮುರಿಗೆಪ್ಪನಿಗೆ ತಿಳಿಯುವ ಮಾತು. ಗಿಡದ ರೋಗ ಏನೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಯ್ದೆ ಸರಿಯಾಗಿಯೇ ಇದೆ. ಅದು ಹಿಡಿದಿರುವ ಕುತ್ತಿಗೆ ಮಾತ್ರ ತಪ್ಪು ಮಾಡದವನದು.

ಕರೆ ಬಂದು ಒಳಹೋದರೆ ಸಾಹೇಬರ ಮೇಜಿನ ಮೇಲೆ ಹಿಡಿದಿಟ್ಟ ಬೀಜದ ಪೊಟ್ಟಣವಿತ್ತು. ಒಳಗೆ ಮುರಿದ ಬೆಂಕಿಕಡ್ಡಿಯ ತುಂಡಿನಂಥ ಕಂದು ಬೀಜಗಳು. ಅವನೇ ನೂರಾರು ಸಲ ಮಣ್ಣಿಗಿಟ್ಟು ಎಬ್ಬಿಸಿದ ಜಾತಿ. ಸಹಿಯಿಲ್ಲದ ಹಾಳೆ ನೋಡಿ ಸಾಹೇಬರು ಅವನಿಗೆ ತಿಳಿಯದ ಆಫೀಸಿನ ಹಿಂದಿಯಲ್ಲಿ ಕೇಳಿದರು, ನೀಲಕಂಠಪ್ಪ ನಡುವೆ ನಿಂತು ಹೇಳಿದ.

"ಸಹಿ ಯಾಕ ಹಾಕವಲ್ಲಿ ಅಂತ ಕೇಳಾಕತ್ತಾರ."

"ಬೀಜಾ ನಂದಲ್ಲ. ಮನೀನೂ ನಂದಲ್ಲ. ನಾ ಪಂಪ್‌ರೂಮಿನಾಗ ಇರಾಂವ. ಬೀಜಾ ೧೯೦೨ರ ಬಾಯಾರದು. ಹಂಗಂತ ಹೇಳ್ರಿ."

ಸಾಹೇಬರು ಕನ್ನಡಕ ತೆಗೆದರು. ಮುಖ ನೋಡಿದರೆ ಅವರಿಗೆ ನಿಜ ತಿಳಿದಂತೆಯೇ ಇತ್ತು. ಆದರೆ ತಿಳಿದದ್ದನ್ನೆಲ್ಲ ಆಫೀಸಿನಲ್ಲಿ ಬರೆಯಲಾದೀತೆ? ಹೆಸರು ನಿನ್ನದು, ಆಧಾರ್ ನಿನ್ನದು ಎಂದರು. ಪಾರ್ಸಲು ಬಂದ ಮನೆ ತನ್ನದು ಎಂದು ಆ ಹೆಂಗಸು ಬರೆದುಕೊಡಲಿ, ಆಗ ನೋಟಿಸು ಅವಳ ಹೆಸರಿಗೆ ಹೋಗುತ್ತದೆ ಎಂದರು. ನಾಳೆ ಸಂಜೆಯವರೆಗೆ ಗಡುವು. ಆಮೇಲೆ ಕಾಗದದಲ್ಲಿ ಇರುವವನ ಮೇಲೆಯೇ ಕೇಸು.

ವಾಪಸ್ ಬರುವಾಗ ಬಸ್ಸಿನಲ್ಲಿ ಕಂಬಕ್ಕೆ ಒರಗಿ ನಿಂತ. ಮಲ್ಲವ್ವನಿಗೆ ಹೇಳಬೇಕೆಂದು ಫೋನು ತೆಗೆದ. ಇಷ್ಟು ಜನರ ನಡುವೆ ಆ ಕಿವಿಗೆ ಏನೆಂದು ಚೀರುವುದು? ಕೋರ್ಟು ಎನ್ನುವುದೇ? ಜೈಲು ಎನ್ನುವುದೇ? ಫೋನನ್ನು ಜೇಬಿಗಿಟ್ಟ. ಮುಂಬಯಿಯ ಅಷ್ಟೂ ಮಂದಿ ಮೈಗೆ ಮೈ ತಿಕ್ಕಿ ನಿಂತಿದ್ದರು, ಅವನಿಗೆ ತನ್ನವರೆಂಬುವರು ಯಾರೂ ಇರಲಿಲ್ಲ.

ಅವನು ಸಹಿ ಹಾಕಲಿಲ್ಲವೆಂಬ ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು. ಆಫೀಸಿನ ಏಜೆಂಟರಲ್ಲಿ ಅನಿಕೇತನಿಗೆ ಬೇಕಾದವರು ಇದ್ದೇ ಇದ್ದರು. ಗೇಟಿನ ಬಳಿ ಅವನ ಚಾಪೆ, ಟ್ರಂಕು, ಎರಡು ಅಂಗಿ ಬಿದ್ದಿದ್ದವು.

"ಮೇಡಂ ಹೇಳಿದ್ದು, ನಾನಲ್ಲ," ಎಂದು ವಾಚ್‌ಮನ್ ಮುಖ ತಿರುಗಿಸಿದ.

ಮುರಿಗೆಪ್ಪ ಸಾಮಾನು ಮುಟ್ಟಲಿಲ್ಲ. ನೋಟಿಸನ್ನು ಕೈಯಲ್ಲಿ ಹಿಡಿದು ನೇರ ಒಳಗೆ ನಡೆದ. ಲಿಫ್ಟಿನಲ್ಲಿ ಮೇಲೆ ಹತ್ತಿದ. ೧೯೦೨ರ ಬೆಲ್ ಒತ್ತಿದ.

ಬಾಗಿಲು ತೆರೆದ ಮೇಡಂ ಅವನು ಮೇಲೆ ಬಂದದ್ದು ಕಂಡು ಬೆಂಕಿಯಾದರು. "ಊಪರ್ ಕೈಸೇ ಆಯಾ? ವಾಚ್‌ಮನ್!"

"ಕನ್ನಡದಾಗ ಮಾತಾಡ್ರಿ ಬಾಯಾರ. ನಿನ್ನೆ ಬರತಿತ್ತಲ್ಲ?" ಅವನ ದನಿ ಅವನಿಗೇ ಹೊಸದಾಗಿತ್ತು. ಮಲ್ಲವ್ವನ ಕಿವಿಗೆ ಚೀರಿ ಚೀರಿ ಪಳಗಿದ ಗಂಟಲದು, ಮಾಳಿಗೆಯೆಲ್ಲ ಕೇಳಿತು. "ಸರಕಾರದ ಕಾಗದ ಹೇಳತೈತಿ, ಇದು ನನ್ನ ಮನಿ ಅಂತ. ನೀವ್ ಬರಸಿದ ಹಾಳ್ಯಾಗೂ ಹಂಗ ಐತಿ. ಹಂಗಾರ ನನ್ನ ಮನ್ಯಾಗ ನೀವ್ ಯಾರು?"

ಎದುರಿನ ಬಾಗಿಲು ತೆರೆಯಿತು. ಆ ಮನೆಯಲ್ಲಿ ಅಡುಗೆ ಮಾಡುವ ಕಸ್ತೂರಿಬಾಯಿ ಹಿಟ್ಟಿನ ಕೈಯಲ್ಲೇ ಹೊರಬಂದಳು. ಒಂಬತ್ತು ವರ್ಷ ಇದೇ ಲಿಫ್ಟಿನಲ್ಲಿ ಹತ್ತಿಳಿದರೂ ಅವಳೂ ಕನ್ನಡದವಳೆಂದು ಮುರಿಗೆಪ್ಪನಿಗೆ ಗೊತ್ತಿರಲಿಲ್ಲ.

"ಏನಾತೋ ಯಣ್ಣಾ?"

"ನನ್ನ ಆಧಾರದ ಮ್ಯಾಲೆ ಪರದೇಶದ ಬೀಜಾ ತರಿಸ್ಯಾರವ್ವಾ. ಕೇಸ್ ನನ್ನ ಮ್ಯಾಲೆ."

"ಯವ್ವಾ! ನನ್ನ ಝೆರಾಕ್ಸೂ ಇವರ ಕಡೇನ ಐತಿ!" ಅವಳು ಮೆಟ್ಟಿಲ ಕಡೆ ಬಾಗಿ, ಹಿಂದಿಯಲ್ಲಿ ಕೆಳಗಿನವರನ್ನು ಕೂಗಿದಳು. ಪಾತ್ರೆಯವರು, ಡ್ರೈವರು, ಕಸದವನು ಒಬ್ಬೊಬ್ಬರಾಗಿ ಹತ್ತಿ ಬಂದರು. ಕಡೆಗೆ ವಾಚ್‌ಮನ್ ಬಂದ. ಮುರಿಗೆಪ್ಪನನ್ನು ಹಿಡಿಯುವ ಬದಲು ಅವನೂ ಮೇಡಂ ಕಡೆ ನೋಡಿದ. "ನಮ್ಮ ಆಧಾರ್ ಝೆರಾಕ್ಸುಗಳೂ ನಿಮ್ಮ ಹತ್ತಿರವೇ ಇವೆಯಲ್ಲ, ಅವುಗಳ ಮೇಲೆ ಏನೇನು ತರಿಸಿದ್ದೀರಿ?" ಎಂದು ಕೇಳಿಯೇಬಿಟ್ಟ.

"ನಡೀರಿ ಎಲ್ಲಾರೂ!" ಮೇಡಂ ಚೀರಿದರು. "ಹೊರಗ ನಡೀರಿ! ಇದು ನನ್ನ ಮನಿ!"

ಮುರಿಗೆಪ್ಪ ನೋಟಿಸನ್ನು ಮಗುಚಿ ಅದರ ಖಾಲಿ ಬೆನ್ನನ್ನು ಅವರ ಮುಂದೆ ಹಿಡಿದ.

"ಹಂಗಂತ ಬರದ ಕೊಡ್ರಿ."