ಒಂದೇ ಸಲ ಕೇಳುವವರು

ಸಫಿಯಾ ಆಸ್ಟ್ರಿಯಾ ನೋಡಿದವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವಳೂ ಯಾರಿಂದಲೂ ಮುಚ್ಚಿಟ್ಟವಳಲ್ಲ. ಆದರೆ ಸಾಲ್ಜ್‌ಬರ್ಗಿನ ಅಂಗಡಿಗೆ ಕಾಲಿಟ್ಟ ಕೂಡಲೇ ಏನು ಹೇಳಬೇಕು, ವಿಯೆನ್ನಾದಲ್ಲಿ ಯಾರ ಮನೆಗಾದರೂ ಹೋದರೆ ಶೂ ಎಲ್ಲಿ ಬಿಡಬೇಕು, ಎಷ್ಟು ಹೂವು ಒಯ್ಯಬೇಕು ಎಂದು ಕೇಳಿ ನೋಡಿ. ಅಲ್ಲೇ ಹುಟ್ಟಿ ಬೆಳೆದವರೂ ಒಂದು ಕ್ಷಣ ತಡವರಿಸಿಯಾರು, ಅವಳು ತಡವರಿಸುವುದಿಲ್ಲ.

ಗಲ್ಫಿನ ಮನಾಮಾ ಪಟ್ಟಣದ ಒಂದು ಟ್ರಾವೆಲ್ ಆಫೀಸಿನಲ್ಲಿ ಅವಳಿಗೆ ಹನ್ನೊಂದು ವರ್ಷದ ನೌಕರಿ. ಆಸ್ಟ್ರಿಯಾಕ್ಕೆ ಹೊರಡುವ ಗುಂಪುಗಳಿಗೆ ಗುರುವಾರ ಸಂಜೆ ಒಂದು ಗಂಟೆಯ ಕ್ಲಾಸು ಮಾಡುವುದು ಅವಳ ಕೆಲಸ. ಈ ವಿದ್ಯೆ ಅವಳಿಗೆ ಪುಸ್ತಕ ಓದಿ ಬಂದದ್ದಲ್ಲ. ಹೋಗಿ ಬಂದವರನ್ನು ಕೂರಿಸಿ, ಕರಕ್ ಚಾ ಕುಡಿಸಿ, "ಅಲ್ಲಿ ಎಂತ ಮರ್ಯಾದೆ ಹೋಯ್ತು, ಹೇಳಿ" ಎಂದು ಕೇಳುತ್ತಾಳೆ. ಅರಮನೆ ಹೇಗಿತ್ತು, ಹಿಮ ಹೇಗಿತ್ತು ಎಂದು ಕೇಳುವುದೇ ಇಲ್ಲ. ಭಾನುವಾರ ಮಧ್ಯಾಹ್ನ ಬಾಡಿಗೆ ಮನೆಯಲ್ಲಿ ಮಿಕ್ಸಿ ತಿರುಗಿಸಿ ಪಕ್ಕದವರು ಬಾಗಿಲು ತಟ್ಟಿದ್ದು, ಕಾಫಿ ಕುಡಿದಾದ ಮೇಲೆ ಬಿಲ್ ತಾನಾಗಿ ಬರುತ್ತದೆಂದು ಎರಡು ಗಂಟೆ ಕಾದದ್ದು, ಒಂದೂ ಗಾಡಿಯಿಲ್ಲದ ರಸ್ತೆಯನ್ನು ಕೆಂಪು ದೀಪ ಇರುವಾಗಲೇ ದಾಟಿ ಯಾರೋ ಅಜ್ಜಿಯ ಕೈಯಲ್ಲಿ ಬೈಸಿಕೊಂಡದ್ದು, ಎಲ್ಲವೂ ಅವಳ ನೀಲಿ ರಟ್ಟಿನ ನೋಟ್‌ಬುಕ್ಕಿನಲ್ಲಿದೆ. ಹನ್ನೊಂದು ವರ್ಷದಿಂದ ಜನರ ತಪ್ಪುಗಳನ್ನು ಬಾಯಿಪಾಠ ಮಾಡಿದವಳಿಗೆ ಆ ಊರು ಗೊತ್ತಿರದೆ ಇರುತ್ತದೆಯೇ?

ಹೋಗುವ ಆಸೆ ಇತ್ತೇ ಎಂದರೆ, ಇತ್ತು. ಎಷ್ಟಿತ್ತೆಂದರೆ, ಗುಂಪನ್ನು ವಿಮಾನ ಹತ್ತಿಸಿ ಬಂದ ದಿನ ಅವಳು ಮನೆಯಲ್ಲಿ ಯಾರೊಂದಿಗೂ ಸರಿಯಾಗಿ ಮಾತಾಡುತ್ತಿರಲಿಲ್ಲ. ಆದರೆ ಕರೆಯಬೇಕಾದವರು ಕರೆಯಲಿ, ಬಾಯಿಬಿಟ್ಟು ಕೇಳುವವಳು ತಾನಲ್ಲ ಎಂಬ ಹಟವೂ ಅಷ್ಟೇ ಇತ್ತು.

ಕರೆಯಬೇಕಾದವರು ಮೇ ತಿಂಗಳ ಒಂದು ಗುರುವಾರ ತಾವಾಗಿ ಬಂದರು. ವಿಯೆನ್ನಾದಲ್ಲಿ ಇವರ ಗುಂಪುಗಳನ್ನು ನೋಡಿಕೊಳ್ಳುವ ಕಂಪನಿಯ ಒಡತಿ ಲೈಟ್ನರ್, ಅರುವತ್ತರ ಹತ್ತಿರದ, ನೆಟ್ಟಗೆ ಕೂರುವ ಹೆಂಗಸು. ಆಫೀಸಿನ ಉಳಿದವರೆಲ್ಲ "ಮ್ಯಾಡಂ, ಮ್ಯಾಡಂ" ಎಂದು ಸುತ್ತಿದರೆ ಸಫಿಯಾ ಕಾರ್ಡು ನೋಡಿ "ಫ್ರಾವ್ ಮ್ಯಾಗಿಸ್ಟರ್ ಲೈಟ್ನರ್" ಎಂದು ಪದವಿ ಸಮೇತ ಕರೆದಳು. ಓದಿ ಸಂಪಾದಿಸಿದ ಪದವಿಯನ್ನು ಬಿಟ್ಟು ಕರೆದರೆ ಅಲ್ಲಿಯವರಿಗೆ ಏನೋ ಕಡಿಮೆಯಾದ ಹಾಗೆ. ಹೆಂಗಸಿನ ಹುಬ್ಬು ಸ್ವಲ್ಪ ಮೇಲೇರಿತು.

ಜೂನ್ ತಿಂಗಳ ಈದ್ ರಜೆಗೆ ಮೂವತ್ತೆರಡು ಜನರ ಗುಂಪು ಹೊರಡುವುದಿತ್ತು. ಅದರ ಜೊತೆ ಹೋಗುವ ಟೂರ್ ಲೀಡರ್ ಯಾರೆಂದು ಆರಿಸುವುದು ಲೈಟ್ನರ್ ಕೈಯಲ್ಲಿತ್ತು. ಅದೇ ಆಫೀಸಿನ ರಸೆಲ್ ಹೋಗುತ್ತಾನೆಂದು ಎಲ್ಲರ ಲೆಕ್ಕ. ಕಿನ್ನಿಗೋಳಿಯ ಹುಡುಗ, ಎರಡು ವರ್ಷದ ಹಿಂದೆ ಫ್ಲೆನ್ಸಿಯನ್ನು ಮದುವೆಯಾದವನು, ಸ್ವಂತ ಖರ್ಚಿನಲ್ಲಿ ಎರಡು ಸಲ ವಿಯೆನ್ನಾ ನೋಡಿ ಬಂದವನು. ಅವನು ಒಳ್ಳೆಯವನೇ. ಫೋಟೋ ಮಾತ್ರ ಸ್ವಲ್ಪ ಹೆಚ್ಚು ತೋರಿಸುತ್ತಾನೆ.

ಅಂದಿನ ಕ್ಲಾಸಿಗೆ ಲೈಟ್ನರ್ ಹಿಂದಿನ ಕುರ್ಚಿಯಲ್ಲಿ ಕೂತರು. ಎದುರಿಗೆ, ಜೂನ್ ಗುಂಪಿನಲ್ಲಿ ಹೊರಟಿದ್ದ ವಾಯೊಲೆಟ್ ಆಂಟಿ. ಮನಾಮಾದ ಸಲ್ಮಾನಿಯಾ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸಾಗಿ ನಿವೃತ್ತರಾದ ಇವರು ಎಲ್ಲಿ ಕೂತರೂ ಅದು ಮೊದಲನೇ ಸಾಲೇ. ಸಫಿಯಾ ಎಂದಿನಂತೆ ಇಂಗ್ಲಿಷಿನಲ್ಲಿ ಶುರು ಮಾಡಿ, ವಾಯೊಲೆಟ್ ಆಂಟಿಯ ಪ್ರಶ್ನೆ ಬಂದಾಗಲೆಲ್ಲ ಕನ್ನಡಕ್ಕೆ ಇಳಿದಳು.

"ಒಪೆರಾದಲ್ಲಿ ನಿಂತು ನೋಡುವ ಟಿಕೆಟ್ ಉಂಟು, ಅಗ್ಗ. ನಿಮ್ಮ ಜಾಗ ಹಿಡಿದ ಮೇಲೆ ಎದುರಿನ ಕಂಬಿಗೆ ಒಂದು ಸ್ಕಾರ್ಫ್ ಕಟ್ಟಿ ಹೊರಗೆ ಹೋಗಿ ಬರಬಹುದು. ಯಾರೂ ಮುಟ್ಟುದಿಲ್ಲ."

"ಅಷ್ಟೇಯಾ? ನಮ್ಮಲ್ಲಿ ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಹಾಕುದಲ್ವಾ, ಅದೇ" ಎಂದರು ವಾಯೊಲೆಟ್ ಆಂಟಿ, ಬಹಳ ಸಮಾಧಾನದಿಂದ. ಒಪೆರಾದ ಮೇಲೆ ಅವರಿಗಿದ್ದ ಭಯ ಅಲ್ಲಿಗೆ ಮುಗಿಯಿತು.

ಚಾ ಬಂತು. ಸಫಿಯಾ ಮನೆಯಲ್ಲೇ ಕರಿದು ತಂದ ಸಮೋಸದ ತಟ್ಟೆ ಹಿಡಿದು ನೇರ ಹಿಂದಿನ ಕುರ್ಚಿಗೆ ಹೋಗಿ ಅತಿಥಿಯ ಮುಂದೆ ಚಾಚಿದಳು. ಲೈಟ್ನರ್ ನಕ್ಕು ಬೇಡವೆಂದರು. ಸಫಿಯಾ ತಲೆಯಾಡಿಸಿ ತಟ್ಟೆಯನ್ನು ಮುಂದಿನವರಿಗೆ ಹಿಡಿದಳು.

ವಾಯೊಲೆಟ್ ಆಂಟಿಗೆ ತಡೆಯಲಾಗಲಿಲ್ಲ. "ಎಂತ ಸಫಿಯಾ, ಅಷ್ಟು ದೂರದಿಂದ ಬಂದವರಿಗೆ ಒಂದೇ ಸಲ ಕೇಳುದಾ? ಪಾಪ, ನಾಚಿಕೆಗೆ ಬೇಡ ಹೇಳಿದ್ದಾಗಿರ್ಬೇಕು."

"ಇವತ್ತಿನ ದೊಡ್ಡ ಪಾಠ ಅದೇ ಆಂಟಿ" ಎಂದಳು ಸಫಿಯಾ, ಎಲ್ಲರಿಗೂ ಕೇಳುವಂತೆ. "ನಮ್ಮಲ್ಲಿ ಮೊದಲನೇ ಬೇಡ ಮರ್ಯಾದೆಗೆ. ಎರಡನೇದು ಮನೆಯವರ ಮನಸ್ಸು ನೋಡ್ಲಿಕ್ಕೆ. ಮೂರನೇ ಸಲ ಕೇಳುವಾಗ ಕೈ ಚಾಚುದು. ಅಲ್ಲಿ ಬೇಡ ಅಂದ್ರೆ ಬೇಡ. ತಟ್ಟೆ ಹೋಯ್ತು ಅಂದ್ರೆ ಹೋಯ್ತು. ಮೂಡುಬಿದಿರೆಯ ಒಬ್ಬರು ಅಲ್ಲಿಯವರ ಮನೆಯ ಊಟಕ್ಕೆ ಹೋಗಿ ಎಲ್ಲದಕ್ಕೂ ಬೇಡ ಬೇಡ ಅಂತ ಹೇಳಿ, ಹೋಟೆಲಿಗೆ ಬಂದು ಬಿಸ್ಕೆಟ್ ತಿಂದು ಮಲಗಿದ್ದಾರೆ. ಹಸಿವಾದ್ರೆ ಮೊದಲನೇ ಸಲವೇ ಬೇಕು ಅಂತ ಹೇಳಿ. ಅವರು ಒಂದೇ ಸಲ ಕೇಳುದು."

ಎಲ್ಲರೂ ನಕ್ಕರು. ಸಫಿಯಾ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಾಗ ಲೈಟ್ನರ್ ಕೂಡ ಬಾಯಿತುಂಬ ನಕ್ಕರು.

ಕ್ಲಾಸು ಮುಗಿದು ಜನ ಚದುರಿದ ಮೇಲೆ ಲೈಟ್ನರ್ ಅವಳ ಮೇಜಿನ ಹತ್ತಿರ ಬಂದು ನಿಂತರು. ಸುತ್ತುಬಳಸು ಇಲ್ಲ. "ಜೂನ್ ಗುಂಪಿಗೆ ನೀವೇ ಲೀಡರ್ ಆಗಿ ಬರಬೇಕೆಂದು ನನ್ನ ಇಚ್ಛೆ. ಬರುತ್ತೀರಾ?"

ಸಫಿಯಾ ಹನ್ನೊಂದು ವರ್ಷ ಕಾದ ಮಾತು ಕಿವಿಗೆ ಬಿದ್ದಿತ್ತು. ಒಳಗೆ ಇದ್ದದ್ದು ಒಂದೇ ಶಬ್ದ, ಬೇಕು. ಆದರೆ ಬಾಯಿ ಹುಟ್ಟೂರು ಉಳ್ಳಾಲದ್ದು. ಅದು ತನ್ನಷ್ಟಕ್ಕೆ ತೆರೆದುಕೊಂಡು, "ಅಯ್ಯೋ, ನಾನಾ? ಬೇಡ, ಬೇಡ. ರಸೆಲ್ ಇದ್ದಾನಲ್ಲ, ಅವನಿಗೆ ಊರು ಗೊತ್ತುಂಟು" ಎಂಬ ಅರ್ಥದ ಇಂಗ್ಲಿಷನ್ನು ನಗುನಗುತ್ತಾ ಆಡಿಬಿಟ್ಟಿತು.

ನೋಡಿ, ಅವಳು ಇನ್ನೊಂದು ಸಲ ಕೇಳಲೆಂದು ಕಾದಳು. ಸೆರಗು ಸರಿಮಾಡಿಕೊಂಡಳು, ಮೇಜಿನ ಮೇಲಿನ ಪೆನ್ನನ್ನು ಎತ್ತಿ ಅಲ್ಲೇ ಇಟ್ಟಳು.

"ಸರಿ, ಅರ್ಥವಾಯಿತು" ಎಂದರು ಲೈಟ್ನರ್. ಚೀಲದಿಂದ ಚಿಕ್ಕ ಪುಸ್ತಕ ತೆಗೆದು ರಸೆಲ್‌ನ ಹೆಸರು ಬರೆದುಕೊಂಡರು. ಬಾಗಿಲ ಬಳಿ ಇದ್ದ ರಸೆಲ್‌ಗೆ ಆ ಮಾತು ಹೇಳಿ, ಕೈಕುಲುಕಿ, ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಹೋಟೆಲಿನಿಂದ ಏರ್‌ಪೋರ್ಟಿಗೆ ಬಿಡಲು ಅವನೇ ಬರಲಿ ಎಂದು ಹೊರಟೇ ಹೋದರು.

ಸಮೋಸದ ಖಾಲಿ ತಟ್ಟೆ ಇನ್ನೂ ಮೇಜಿನ ಮೇಲಿತ್ತು. ಸಫಿಯಾ ಅದನ್ನು ನೋಡಿದಳು, ಮತ್ತೆ ನೋಡಲಿಲ್ಲ.

ಅವಳ ಗಂಡ ಆದಂ ಹಿದ್ ಬಂದರಿನ ಕೆಲಸ ಮುಗಿಸಿ, ಮುಸ್ಸಂಜೆಯ ಮಗ್ರಿಬ್ ನಮಾಜಿನ ಹೊತ್ತಿಗೆ ಅವಳನ್ನು ಕರೆದೊಯ್ಯಲು ಬಂದ. ಕಾರಿನಲ್ಲಿ ಆದಂ ಎಸಿ ಕಡಿಮೆ ಮಾಡಿದ, ರೇಡಿಯೋ ನಿಲ್ಲಿಸಿದ.

"ಎಂತ ಆಯ್ತು? ಕಂಟೇನರ್ ಬಿದ್ದ ಮುಖ ಮಾಡ್ಕೊಂಡಿದ್ದೀಯಲ್ಲ."

ಅವಳು ಹೇಳಿದಳು. ಪೂರ್ತಿ ಹೇಳಿದಳು, ಹೇಳುತ್ತಾ ಅತ್ತಳು ಕೂಡ. ಅವಳಿಗೆ ಸಿಟ್ಟು ಬಂದದ್ದು ಲೈಟ್ನರ್ ಮೇಲಲ್ಲ, ತನ್ನ ಮೇಲೆ. "ಊರಿಗೆಲ್ಲ ಪಾಠ ಹೇಳಿ ಅರ್ಧ ಗಂಟೆ ಆಗಿರಲಿಲ್ಲ. ನನ್ನ ಪುಸ್ತಕದಲ್ಲಿ ಇಷ್ಟು ದೊಡ್ಡ ತಪ್ಪು ಯಾರದ್ದೂ ಇಲ್ಲ."

ಆದಂಗೆ ನಗು ಬಂತು. ಒಳ್ಳೆಯ ಗಂಡನಾದ್ದರಿಂದ ಸಿಗ್ನಲ್ ಬರುವವರೆಗೆ ತಡೆದುಕೊಂಡ. ಮತ್ತೆ ಕೇಳಿದ, "ನಿನಗೆ ಹೋಗ್ಬೇಕಾ? ಸತ್ಯ ಹೇಳು."

"ಹೋಗಬೇಕು."

"ನನಗೆ ಯಾವತ್ತೂ ಹೇಳಿಲ್ಲ ನೀನು."

"ನೀವು ಕೇಳಿಲ್ಲ."

"ಓಹೋ, ಇದು ಸರಿ ಉಂಟು" ಎಂದ ಆದಂ. "ನಾಳೆ ಶುಕ್ರವಾರ, ನನಗೆ ರಜೆ. ಎಂಟೂವರೆಗೆ ಹೋಟೆಲ್ ಬಾಗಿಲಲ್ಲಿ ಬಿಡ್ತೇನೆ. ಮಾತಾಡುದು ನೀನು."

ಬೆಳಿಗ್ಗೆ ಎಂಟು ಇಪ್ಪತ್ತೈದಕ್ಕೆ ಸಫಿಯಾ ಹೋಟೆಲಿನ ಲಾಬಿಯಲ್ಲಿದ್ದಳು. ರಸೆಲ್ ಆಗಲೇ ಬಂದು, ಇಸ್ತ್ರಿ ಮಾಡಿದ ಅಂಗಿ ಹಾಕಿ, ಕಾರಿನ ಕೀಲಿ ತಿರುಗಿಸುತ್ತಾ ಸೋಫಾದಲ್ಲಿ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ.

ಇವನಿಗೆ ಹೇಳದೆ ಒಳಗೆ ಹೋಗುವುದು ಸುಲಭವಿತ್ತು. ಸಫಿಯಾ ಹಾಗೆ ಮಾಡಲಿಲ್ಲ. "ರಸೆಲ್, ನಿನ್ನೆ ನಾನು ಬೇಡ ಹೇಳಿದ್ದು ಸುಮ್ನೆ ಬಾಯಿಮಾತಿಗೆ. ನನಗೆ ಹೋಗ್ಬೇಕು. ಈಗ ಹೋಗಿ ಅವರ ಹತ್ರ ಹಾಗೆಯೇ ಹೇಳ್ತೇನೆ. ಮೊದಲು ನಿನಗೆ ಹೇಳ್ಬೇಕಂತ ಬಂದೆ."

ರಸೆಲ್‌ನ ಮುಖ ಸಣ್ಣಗಾಯಿತು. "ನನ್ನ ಹೆಸರು ಹೇಳಿದ್ದು ನೀವೇ ಅಲ್ವಾ ಸಫಿಯಕ್ಕ? ಫ್ಲೆನ್ಸಿಗೆ ಹೇಳಿ ಆಯ್ತು. ಅವಳು ಊರಿಗೆ ಫೋನ್ ಮಾಡಿ ಎಲ್ಲರಿಗೂ ಹೇಳಿ ಆಯ್ತು."

"ತಪ್ಪು ನಂದೇ. ಫ್ಲೆನ್ಸಿಗೂ ನಾನೇ ಹೇಳ್ತೇನೆ, ಬೇಕಾದ್ರೆ."

ರಸೆಲ್ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಕಿಟಕಿಯ ಕಡೆ ತಿರುಗಿದ.

ಲೈಟ್ನರ್ ತಿಂಡಿಯ ಹಾಲಿನಲ್ಲಿ ಕಾಫಿ ಕುಡಿಯುತ್ತಿದ್ದರು. ಸಫಿಯಾ ಅಪ್ಪಣೆ ಕೇಳಿ ಎದುರಿಗೆ ಕೂತಳು, ನೀರು ಕುಡಿಯಲಿಲ್ಲ, ಪೀಠಿಕೆ ಹಾಕಲಿಲ್ಲ.

"ಫ್ರಾವ್ ಮ್ಯಾಗಿಸ್ಟರ್, ನಿನ್ನೆ ನನ್ನ ಉತ್ತರ ಸುಳ್ಳು. ಜೂನ್ ಗುಂಪಿನ ಜೊತೆ ನನಗೆ ಬರಬೇಕು. ಹನ್ನೊಂದು ವರ್ಷದಿಂದ ಬರಬೇಕು."

ಲೈಟ್ನರ್ ಕಪ್ ಕೆಳಗಿಟ್ಟರು. "ನಿಮ್ಮ ಕ್ಲಾಸಿನಲ್ಲಿ ನನಗೆ ತುಂಬಾ ಹಿಡಿಸಿದ್ದು ಏನು ಗೊತ್ತೇ? ನಾನು ಸಮೋಸ ಬೇಡವೆಂದೆ, ನೀವು ನಂಬಿದಿರಿ. ಈ ಕಡೆಯ ಊರುಗಳಿಗೆ ಬರಲು ಶುರುಮಾಡಿ ಇಪ್ಪತ್ತು ವರ್ಷವಾಯಿತು, ಹಾಗೆ ನಂಬಿದವರು ನೀವೇ ಮೊದಲು. ಅದಕ್ಕೇ ನಿಮ್ಮ ಬೇಡವನ್ನೂ ನಾನು ನಂಬಿದೆ. ಒತ್ತಾಯ ಮಾಡಿದರೆ ನಿಮಗೆ ಅವಮಾನ ಎಂದುಕೊಂಡೆ."

"ಗೊತ್ತು" ಎಂದಳು ಸಫಿಯಾ. "ನಿನ್ನೆ ಉತ್ತರ ಕೊಟ್ಟದ್ದು ಉಳ್ಳಾಲದವಳು. ಇವತ್ತು ಕೊಡುವುದು ನಿಮ್ಮ ಟೂರ್ ಲೀಡರ್. ನನ್ನ ಬೇಡವನ್ನು ಒಂದೇ ಸಲಕ್ಕೆ ನಂಬಿದಿರಲ್ಲ, ನನ್ನ ಬೇಕನ್ನೂ ಒಂದೇ ಸಲಕ್ಕೆ ನಂಬಿ."

ಲೈಟ್ನರ್ ಅವಳ ಕಣ್ಣನ್ನೇ ನೋಡಿದರು. ಸಫಿಯಾ ಕಣ್ಣು ತಗ್ಗಿಸಲಿಲ್ಲ. ಅದೂ ಅವಳ ಪಾಠದಲ್ಲೇ ಇತ್ತು. ಮತ್ತೆ ಲೈಟ್ನರ್ ಎದ್ದು ಲಾಬಿಗೆ ಹೋಗಿ ರಸೆಲ್‌ನನ್ನು ಕೇಳಿದರು, "ಸಫಿಯಾ ಜೂನ್ ಗುಂಪು ತನಗೆ ಬೇಕೆನ್ನುತ್ತಾರೆ. ನಿಮಗೆ ಏನನ್ನಿಸುತ್ತದೆ?"

ರಸೆಲ್ ತಕ್ಷಣ ನಕ್ಕ. ಆ ನಗು ಸಫಿಯಾಳಿಗೆ ಚೆನ್ನಾಗಿ ಗೊತ್ತಿತ್ತು. ಇಪ್ಪತ್ತು ಗಂಟೆಯೂ ಆಗಿರಲಿಲ್ಲ, ಅದೇ ನಗು ಅವಳ ಮುಖದ ಮೇಲಿತ್ತು. "ಪರವಾಗಿಲ್ಲ ಮ್ಯಾಡಂ, ಅವರೇ ಹೋಗಲಿ. ನಾನು ಎರಡು ಸಲ ನೋಡಿದ್ದೇನಲ್ಲ" ಎಂದ.

ಲೈಟ್ನರ್ ಪುಸ್ತಕ ತೆರೆದರು. ಪೆನ್ನಿನ ಮುಚ್ಚಳವೂ ತೆರೆಯಿತು. ಸಫಿಯಾ ಸುಮ್ಮನೆ ನಿಂತರೆ ಸಾಕಿತ್ತು, ಎಲ್ಲವೂ ಚೊಕ್ಕವಾಗಿ ಮುಗಿಯುತ್ತಿತ್ತು. ಅವಳಿಗೆ ನಿಲ್ಲಲಾಗಲಿಲ್ಲ.

"ಒಂದು ನಿಮಿಷ" ಎಂದು ಲೈಟ್ನರ್‌ಗೆ ಹೇಳಿ, ರಸೆಲ್ ಕಡೆ ತಿರುಗಿ ಕನ್ನಡದಲ್ಲಿ ಗದರಿದಳು. "ಎಂತ ಮಾರಾಯ, ನಾನು ನಿನ್ನೆ ಬಿದ್ದ ಗುಂಡಿಗೇ ಬಂದು ಬೀಳ್ತೀಯಲ್ಲ. ಇವರು ಒಂದೇ ಸಲ ಕೇಳುದು. ಎರಡನೇ ಸಲ ನಾನು ಕೇಳ್ತಿದ್ದೇನೆ, ಮೂರನೇದು ಇಲ್ಲ. ನಿನಗೆ ಬೇಕಾ, ಬೇಡ್ವಾ?"

ರಸೆಲ್‌ನ ನಗು ಹೋಯಿತು. ಅವನು ನೆಲ ನೋಡಿದ, ಅವಳನ್ನು ನೋಡಿದ, ಮತ್ತೆ ಲೈಟ್ನರ್ ಕಡೆ ತಿರುಗಿ ಇಂಗ್ಲಿಷಿನಲ್ಲೇ ಹೇಳಿದ, "ನನಗೂ ಹೋಗಬೇಕು ಮ್ಯಾಡಂ. ತುಂಬಾ."

"ಒಳ್ಳೆಯದಾಯಿತು" ಎಂದರು ಲೈಟ್ನರ್, ಇಬ್ಬರನ್ನೂ ನೋಡುತ್ತಾ. "ಎರಡು ಬೇಡಗಳಿದ್ದಿದ್ದರೆ ನನಗೆ ಕಷ್ಟವಾಗುತ್ತಿತ್ತು, ಎರಡು ಬೇಕುಗಳಿಗೆ ದಾರಿ ಮಾಡಬಹುದು. ಜೂನ್ ಗುಂಪಿಗೆ ನಾನು ಮೊದಲು ಕೇಳಿದ್ದು ಸಫಿಯಾರನ್ನು, ಅದು ಅವರದ್ದೇ. ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಸಂತೆಗಳಿಗೆ ಹೋಗುವ ಗುಂಪಿಗೆ ಇನ್ನೂ ಯಾರೂ ಆಗಿಲ್ಲ. ರಸೆಲ್, ಅದನ್ನು ನೀವು..."

"ಬೇಕು" ಎಂದ ರಸೆಲ್, ಅವರ ಮಾತು ಮುಗಿಯುವ ಮೊದಲೇ.

ಅವನು ಲೈಟ್ನರ್ ಪೆಟ್ಟಿಗೆ ಎಳೆದುಕೊಂಡು ಕಾರಿನತ್ತ ಹೋದ. ಸಫಿಯಾಳನ್ನು ದಾಟುವಾಗ ಮುಖ ಇನ್ನೂ ಸ್ವಲ್ಪ ಊದಿಕೊಂಡೇ ಇತ್ತು, ಆದರೆ "ಫ್ಲೆನ್ಸಿಗೆ ನೀವೇ ಹೇಳ್ಬೇಕು, ಮರೀಬೇಡಿ" ಎಂದ. ಎಂಟು ಐವತ್ತೈದಕ್ಕೆ ಕಾರು ಹೊರಟಿತು, ಹೇಳಿದ್ದಕ್ಕಿಂತ ಐದು ನಿಮಿಷ ಮೊದಲು.

ಹೊರಗೆ ಆದಂ ಕಾರಿನ ಕಿಟಕಿ ಇಳಿಸಿ ಕಾಯುತ್ತಿದ್ದ. ಅಷ್ಟು ಬೆಳಿಗ್ಗೆಯೇ ಬಿಸಿಲು ನೆತ್ತಿ ಸುಡುತ್ತಿತ್ತು. ಸಫಿಯಾ ಬಂದು ಪಕ್ಕದಲ್ಲಿ ಕೂತು ಬೆಲ್ಟ್ ಹಾಕಿಕೊಂಡಳು.

"ಎಂತ ಹೇಳಿದೆ?"

"ಬೇಕು ಹೇಳಿದೆ."

"ಎಷ್ಟು ಸಲ?"

"ಒಂದೇ ಸಲ" ಎಂದಳು ಸಫಿಯಾ. ಚೀಲದಿಂದ ನೀಲಿ ರಟ್ಟಿನ ನೋಟ್‌ಬುಕ್ ತೆಗೆದು ಹೊಸ ಪುಟ ತೆರೆದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ, ತಪ್ಪು ಮಾಡಿದವರ ಹೆಸರಿನ ಜಾಗದಲ್ಲಿ ತನ್ನದೇ ಹೆಸರು ಬರೆದಳು.